ಬರೀ ಭ್ರಮೆ ಅನ್ನಬೇಡಿ

ನೆದರ್‌ಲೆಂಡ್ಸ್‌ನ ಐಂಡ್‌ಹೋವನ್‌ನಿಂದ ಓದುಗರೊಬ್ಬರು ಬರೆದಿದ್ದಾರೆ: "ಇಲ್ಲಿ ಸಿಲೋಸೈಬಿನ್ ಅನ್ನೋ ಅಮಲಿನ ವಸ್ತು ಇರುವ ಟ್ರಫಲ್, ಅಂದರೆ ಒಂದು ಬಗೆಯ ಅಣಬೆಯ ನೆಲದೊಳಗಿನ ಗಡ್ಡೆ, ಅಂಗಡಿಯಲ್ಲೇ ಸಿಗುತ್ತದೆ. ನಾನೂ ನನ್ನ ಹೆಂಡತಿಯೂ ಆರು ವಾರ ಮೈಕ್ರೋಡೋಸ್ ಮಾಡಿದೆವು, ಅಂದರೆ ಅಮಲೇರದಷ್ಟು ಚಿಕ್ಕ ಪ್ರಮಾಣ ತಗೊಂಡೆವು. ಒಂದೇ ಡಬ್ಬಿ, ಒಂದೇ ತೂಕ. ಒಂದು ದಿನ ತಗೊಂಡು ಎರಡು ದಿನ ಬಿಡುವುದು. ಅವಳು ವಾಕಿಂಗ್ ಹೊರಡುವ ಮುಂಚೆ ತಗೊಳ್ತಿದ್ದಳು, ನಾನು ಲ್ಯಾಪ್‌ಟಾಪ್ ತೆರೆಯುವ ಮುಂಚೆ. ಅವಳಿಗೆ ಮನಸ್ಸು ಹಗುರಾಗಿದೆಯಂತೆ. ನನಗೆ ತಲೆನೋವು, ಚಡಪಡಿಕೆ, ಅಷ್ಟೇ. ನನ್ನ ಜೀನ್‌ನಲ್ಲೇ ಏನಾದರೂ ಇದೆಯಾ? ಅಥವಾ ಅವಳದು ಬರೀ ಭ್ರಮೆಯಾ?"

ನಿಮ್ಮ ಪತ್ರ ಮೂರು ಸಲ ಓದಿದೆ. ಮೂರು ಸಲವೂ ಆ 'ಬರೀ' ಅನ್ನೋ ಪದದ ಹತ್ತಿರ ಬಂದು ನಿಂತೆ. ಅದರ ಬಗ್ಗೆ ನಿಮ್ಮ ಜೊತೆ ಸ್ವಲ್ಪ ಜಗಳ ಇದೆ. ಅದಕ್ಕೆ ಮುಂಚೆ ಜೀನ್ ವಿಷಯ ಮುಗಿಸಿಬಿಡೋಣ.

ಮೈಯಿಂದ ಮೈಗೆ ವ್ಯತ್ಯಾಸ ಇದೆ, ಇಲ್ಲ ಅನ್ನುವುದಿಲ್ಲ. ಹೊಟ್ಟೆಗೆ ಹೋದ ಸಿಲೋಸೈಬಿನ್ ಸಿಲೋಸಿನ್ ಆಗುತ್ತದೆ. ಅದು ಮಿದುಳಿನಲ್ಲಿ ಸೆರೊಟೋನಿನ್ ಅನ್ನೋ ರಾಸಾಯನಿಕದ ಸಂದೇಶ ಹಿಡಿಯುವ 2ಎ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಈ ಗ್ರಾಹಕ ಎಲ್ಲರಲ್ಲೂ ಒಂದೇ ಅಚ್ಚಿನದಲ್ಲ. 2022ರಲ್ಲಿ ನಾರ್ತ್ ಕ್ಯಾರೊಲಿನಾದ ವಿಜ್ಞಾನಿಗಳು ಅದರ 7 ಬಗೆಗಳನ್ನು ಪ್ರಯೋಗಾಲಯದ ಜೀವಕೋಶಗಳಲ್ಲಿಟ್ಟು ನೋಡಿದರು. ಸಿಲೋಸಿನ್‌ನಂಥ ವಸ್ತುಗಳಿಗೆ ಅವು ಸ್ಪಂದಿಸಿದ ರೀತಿ ಬೇರೆ ಬೇರೆ ಇತ್ತು. ನಿಮ್ಮ ಡಬ್ಬಿಯ ಎರಡು ಚೂರುಗಳಲ್ಲೂ ಸತ್ವ ಹೆಚ್ಚುಕಮ್ಮಿ ಇರಬಹುದು. ಖಿನ್ನತೆಗೆ ಎಸ್‌ಎಸ್‌ಆರ್‌ಐ ಮಾತ್ರೆ ತಗೊಳ್ಳುವವರಲ್ಲಿ ಪರಿಣಾಮ ಮಂಕಾಗುವುದುಂಟು. ಲಿಥಿಯಂ ಅನ್ನೋ ಮನೋರೋಗದ ಮದ್ದು ತಗೊಳ್ಳುವವರಿಗೆ ಇಂಥವುಗಳಿಂದ ಫಿಟ್ಸ್ ಬಂದ ವರದಿಗಳಿವೆ, ಅವರು ಇದರ ಹತ್ತಿರವೂ ಸುಳಿಯಬಾರದು. ಇಲ್ಲಿರುವ ಓದುಗರಿಗೂ ಒಂದು ಮಾತು: ನಮ್ಮಲ್ಲಿ 1985ರ ಎನ್‌ಡಿಪಿಎಸ್ ಅನ್ನೋ ಮಾದಕವಸ್ತು ಕಾಯ್ದೆ ಸಿಲೋಸೈಬಿನ್ ಅನ್ನು ನಿಷೇಧಿಸಿದೆ.

ಜೀನ್ ಪರೀಕ್ಷೆಗೆ ದುಡ್ಡು ಹಾಕಬೇಡಿ. ಜೀವಕೋಶದಲ್ಲಿ ಕಂಡದ್ದು ನಿಮ್ಮ ಸೋಮವಾರದ ತಲೆನೋವಿಗೆ ಕಾರಣ ಹೇಳಲ್ಲ.

ಈಗ ನಮ್ಮ ಜಗಳಕ್ಕೆ ಬರೋಣ. 2021ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಒಂದು ಅಧ್ಯಯನ ಪ್ರಕಟಿಸಿದರು. ಮೈಕ್ರೋಡೋಸ್ ಮಾಡುವವರೇ ಮನೆಯಲ್ಲಿ ಕೂತು ತಮ್ಮ ಡೋಸನ್ನು ಒಳಗಿರುವುದು ಕಾಣದ ಕ್ಯಾಪ್ಸೂಲ್‌ಗಳಿಗೆ ತುಂಬಿದರು. ಜಾಸ್ತಿ ಜನರದ್ದು ಎಲ್‌ಎಸ್‌ಡಿ ಅನ್ನೋ ಇದೇ ಬಗೆಯ ಇನ್ನೊಂದು ವಸ್ತು, ಉಳಿದವರಲ್ಲಿ ಹಲವರದ್ದು ಸಿಲೋಸೈಬಿನ್. ಜೊತೆಗೆ ಖಾಲಿ ಕ್ಯಾಪ್ಸೂಲ್‌ಗಳನ್ನೂ ಮಾಡಿದರು. ಎಲ್ಲವನ್ನೂ ಕ್ಯೂಆರ್ ಕೋಡ್ ಇರುವ ಲಕೋಟೆಗಳಿಗೆ ಹಾಕಿ ಕಲೆಸಿಬಿಟ್ಟರು. ಯಾವುದರಲ್ಲಿ ಏನಿದೆ ಅಂತ ತುಂಬಿದವರಿಗೇ ಗೊತ್ತಿಲ್ಲ. 191 ಮಂದಿ, 4 ವಾರ. ಡೋಸ್ ತಗೊಂಡವರ ಮನಸ್ಸಿಗೆ ನೆಮ್ಮದಿ ಹೆಚ್ಚಿತು. ಖಾಲಿ ಕ್ಯಾಪ್ಸೂಲ್ ನುಂಗಿದವರಿಗೂ ಹೆಚ್ಚುಕಮ್ಮಿ ಅಷ್ಟೇ ಹೆಚ್ಚಿತು! ಇವತ್ತು ಡೋಸ್ ತಗೊಂಡಿದ್ದೇನೆ ಅಂತ ಅಂದುಕೊಂಡವರಿಗೆ ಆ ದಿನ ಚೆನ್ನಾಗಿತ್ತು. ಮರುವರ್ಷ ಬ್ಯೂನಸ್ ಐರಿಸ್‌ನಲ್ಲಿ 34 ಮಂದಿಗೆ ಅರ್ಧ ಗ್ರಾಂ ಒಣ ಅಣಬೆ ಕೊಟ್ಟು ನೋಡಿದರು. ಅಲ್ಲೂ ನಿಜವಾದ ಡೋಸ್ ಯಾವತ್ತು ಅಂತ ಗುರುತು ಹಿಡಿದವರೇ ಪರಿಣಾಮ ಆಯ್ತು ಅಂದರು.

ಇದನ್ನು ಓದಿ ಬಹಳ ಜನ "ಹಾಗಾದರೆ ಎಲ್ಲ ಸುಳ್ಳು" ಅಂತ ಪುಟ ತಿರುವುತ್ತಾರೆ. ನೀವೂ ಅದೇ ದಾರಿಯಲ್ಲಿದ್ದೀರಿ. ಸ್ವಲ್ಪ ನಿಲ್ಲಿ. 2001ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಪಾರ್ಕಿನ್ಸನ್ ರೋಗಿಗಳಿಗೆ ಉಪ್ಪುನೀರಿನ ಚುಚ್ಚುಮದ್ದು ಕೊಟ್ಟು ಮಿದುಳಿನ ಸ್ಕ್ಯಾನ್ ಮಾಡಿದರು. ಔಷಧ ಇರಬಹುದು ಅನ್ನೋ ನಿರೀಕ್ಷೆಗೇ ಅವರ ಮಿದುಳಿನಲ್ಲಿ ಡೋಪಮೈನ್, ಅಂದರೆ ಈ ರೋಗದಲ್ಲಿ ಕೊರತೆಯಾಗುವ ರಾಸಾಯನಿಕ, ಒಸರಿತು. ಆ ಡೋಪಮೈನ್ ಭ್ರಮೆಯಲ್ಲ. ಆ ಮಿದುಳಿಂದಲೇ ಬಂದದ್ದು.

ಇಟಲಿಯ ಟ್ಯೂರಿನ್‌ನಲ್ಲಿ ಫಾಬ್ರಿಜಿಯೊ ಬೆನೆಡೆಟ್ಟಿ ಮತ್ತವರ ಜೊತೆಗಾರರು ಇನ್ನೊಂದು ತೋರಿಸಿದರು. ಆಪರೇಷನ್ ಆದವರಿಗೆ ಅದೇ ನೋವಿನ ಮದ್ದು, ಅದೇ ಪ್ರಮಾಣ. ವೈದ್ಯರು ಎದುರು ನಿಂತು, ಹೇಳಿ ಕೊಟ್ಟಾಗ ನೋವು ಜಾಸ್ತಿ ಇಳಿಯಿತು. ರೋಗಿಗೆ ತಿಳಿಯದಂತೆ ಯಂತ್ರ ಕೊಟ್ಟಾಗ ಅಷ್ಟು ಇಳಿಯಲಿಲ್ಲ.

ಇದಕ್ಕೆ ನಮ್ಮ ಹಳ್ಳಿಯವರು ಯಾವತ್ತೋ ಹೆಸರಿಟ್ಟಿದ್ದಾರೆ. ಕೈಗುಣ.

ನಮ್ಮಮ್ಮನಿಗೆ ಒಂದು ವರ್ಷ ನಿದ್ದೆ ಬರುತ್ತಿರಲಿಲ್ಲ. ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಕಂಪ್ಯೂಟರ್ ನೋಡುತ್ತಲೇ ಪ್ರಶ್ನೆ ಕೇಳಿದರು, ಅದನ್ನು ನೋಡುತ್ತಲೇ ಮಾತ್ರೆ ಬರೆದರು. ಅಮ್ಮ ಉತ್ತರ ಶುರು ಮಾಡುವುದರೊಳಗೆ ಮುಂದಿನ ಟೋಕನ್ ಕೂಗಿದ್ದರು. ಮಾತ್ರೆಯಿಂದ ಏನೂ ಆಗಲಿಲ್ಲ. ತಿಂಗಳ ಮೇಲೆ ಊರಿಗೆ ಹೋದಾಗ ಅಲ್ಲಿನ ಹಳೇ ಡಾಕ್ಟರ ಹತ್ತಿರ ಹೋದೆವು. ಅವರು ಸ್ಟೂಲ್ ಎಳೆದುಕೊಂಡು ಅಮ್ಮನ ಪಕ್ಕ ಕೂತರು. ನಾಡಿ ನೋಡಿ ಆದ ಮೇಲೂ ಕೈ ಬಿಡಲಿಲ್ಲ. "ರಾತ್ರಿ ಎಚ್ಚರ ಆದಾಗ ಏನ್ ನೆನಪಾಗುತ್ತಮ್ಮ?" ಅಂತ ಕೇಳಿದರು. ಅಮ್ಮ ಅಪ್ಪನ ವಿಷಯ ಹೇಳಿದಳು, ನನ್ನ ಹತ್ತಿರವೂ ಹೇಳದ್ದನ್ನು. ಆಮೇಲೆ ಅವರು ಕೊಟ್ಟದ್ದು ಅದೇ ಗುಲಾಬಿ ಬಣ್ಣದ ಮಾತ್ರೆ. ನಾನು ಎರಡೂ ಸ್ಟ್ರಿಪ್ ಪಕ್ಕಪಕ್ಕ ಇಟ್ಟು ಓದಿದೆ. ಹೆಸರೂ ಅದೇ, ಮಿಲಿಗ್ರಾಂ ಕೂಡ ಅದೇ. ಅಮ್ಮ ಆ ರಾತ್ರಿ ಮಲಗಿದಳು.

ಇದನ್ನು 'ಬರೀ' ಅನ್ನೋಕೆ ನನ್ನಿಂದ ಆಗಲ್ಲ.

ನೀವು ಕೊಂಡ ಡಬ್ಬಿಯ ಹಿಂದಿನ ಕಥೆಯೂ ಇದನ್ನೇ ಹೇಳುತ್ತದೆ. ಮೆಕ್ಸಿಕೋದ ಓಹಾಕಾ ಬೆಟ್ಟಗಳಲ್ಲಿ ವೌಟ್ಲಾ ಅಂತ ಒಂದು ಊರು. ಅಲ್ಲಿ ಮಾರಿಯಾ ಸಬೀನಾ ಅನ್ನೋ ಮಜಾಟೆಕ್ ಜನಾಂಗದ ಹೆಂಗಸು ಕಾಯಿಲೆಯವರಿಗಾಗಿ ರಾತ್ರಿಯಿಡೀ ಎದ್ದು ಕೂತು, ಅಣಬೆ ತಿಂದು ತಿನ್ನಿಸಿ, ಹಾಡುತ್ತಿದ್ದಳು. 1957ರಲ್ಲಿ ಅಮೆರಿಕದ ಲೈಫ್ ಪತ್ರಿಕೆ ಅಣಬೆಯ ಸುದ್ದಿ ಲೋಕಕ್ಕೆ ಸಾರಿತು. ಮರುವರ್ಷವೇ ಸ್ವಿಟ್ಜರ್‌ಲೆಂಡಿನ ಆಲ್ಬರ್ಟ್ ಹಾಫ್‌ಮನ್ ಅದರಿಂದ ಸಿಲೋಸೈಬಿನ್ ಬೇರ್ಪಡಿಸಿದರು. 1962ರಲ್ಲಿ ಅವರೇ ಮಾತ್ರೆಗಳನ್ನು ಹಿಡಿದು ವೌಟ್ಲಾಗೆ ಹೋದರು. ಮಾರಿಯಾ ಸಬೀನಾ ಮಾತ್ರೆ ನುಂಗಿ, ರಾತ್ರಿಯೆಲ್ಲ ಹಾಡಿ, ಇದರಲ್ಲೂ ಅಣಬೆಯ ಶಕ್ತಿಯೇ ಇದೆ ಅಂದಳು. ರಸಾಯನಶಾಸ್ತ್ರದ ಗೆಲುವು ಅಂತ ಈ ಕಥೆ ಹೇಳುತ್ತಾರೆ. ನನಗೆ ಕಾಣುವುದು ಬೇರೆ. ಮಾತ್ರೆ ಬದಲಾಗಿತ್ತು, ಆದರೆ ರಾತ್ರಿ ಅದೇ, ಹಾಡು ಅದೇ, ಪಕ್ಕದಲ್ಲಿ ಎಚ್ಚರ ಇದ್ದವಳೂ ಅವಳೇ. ಆಮೇಲೆ ಹೊರಗಿನವರು ಹಿಂಡು ಹಿಂಡಾಗಿ ಬಂದು ಅಣಬೆ ತಿಂದು ಹೋದರು. ಅಣಬೆಗೆ ಮೊದಲಿನ ಶಕ್ತಿ ಉಳಿಯಲಿಲ್ಲ ಅಂತ ಅವಳು ನೊಂದುಕೊಂಡಳು.

ನಾವು ರಾತ್ರಿಯನ್ನು ಬಿಟ್ಟೆವು, ಹಾಡನ್ನು ಬಿಟ್ಟೆವು, ಪಕ್ಕದಲ್ಲಿ ಕೂರುವವರನ್ನು ಬಿಟ್ಟೆವು. ಗ್ರಾಂ ಲೆಕ್ಕ ಮಾತ್ರ ಇಟ್ಟುಕೊಂಡೆವು. ಈಗ ಅದನ್ನೂ ಹತ್ತನೇ ಒಂದು ಪಾಲು ಮಾಡಿ ಕೆಲಸದ ಟೇಬಲ್ ಮೇಲೆ ಇಟ್ಟಿದ್ದೇವೆ, ಇನ್ನೂ ನಾಲ್ಕು ಮೇಲ್‌ಗೆ ಉತ್ತರ ಬರೆಯೋಕೆ. ನನಗೆ ಇದು ನಿಜಕ್ಕೂ ಸಂಕಟ. ಆಫೀಸು ಮನುಷ್ಯನನ್ನು ಹಿಂಡುತ್ತದೆ, ಮನುಷ್ಯ ತನ್ನ ಜೀನ್‌ನಲ್ಲೇ ತಪ್ಪು ಹುಡುಕುತ್ತಾನೆ.

ನಿಮ್ಮ ಪತ್ರದಲ್ಲೇ ಉತ್ತರ ಇದೆ, ನೀವು ಗಮನಿಸಿಲ್ಲ. ಡಬ್ಬಿ ಒಂದೇ ಅಂತ ಬರೆದಿರಿ, ತೂಕ ಒಂದೇ ಅಂತ ಬರೆದಿರಿ. ಬೆಳಗ್ಗೆ ಮಾತ್ರ ಒಂದೇ ಅಲ್ಲ. ಅವರದು ವಾಕಿಂಗ್, ನಿಮ್ಮದು ಲ್ಯಾಪ್‌ಟಾಪ್. ತಲೆನೋವು ಬರುತ್ತಿರುವಾಗ ಟ್ರಫಲ್ ನಿಲ್ಲಿಸಿಬಿಡಿ. ಎರಡು ವಾರ ಸುಮ್ನೆ ಅವರ ಜೊತೆ ನಡೆಯಿರಿ, ಫೋನ್ ಮನೆಯಲ್ಲಿರಲಿ. ಅವರಿಗೆ ಹಗುರ ಅನ್ನಿಸುವುದು ದಾರಿಯಲ್ಲಿ ಎಲ್ಲಿಂದ ಶುರುವಾಗುತ್ತದೆ ಅಂತ ಕೇಳಿ, ಪೂರ್ತಿ ಹೇಳೋಕೆ ಬಿಡಿ. ಆಮೇಲೆ ಇಬ್ಬರೂ ಸೇರಿ ಇನ್ನೊಂದು ಪತ್ರ ಬರೆಯಿರಿ.