ಕುರ್ಚಿಯ ಮೇಲೆ ಕುಕ್ಕುರುಗಾಲು

ಪದವಿಯ ಕೊನೆಯ ವರ್ಷದಲ್ಲಿದ್ದ ಮಗಳನ್ನು ತಾಯಿ ಆಪ್ತಸಮಾಲೋಚಕಿಯಾದ ನನ್ನ ಬಳಿ ಕರೆದುಕೊಂಡು ಬಂದಿದ್ದರು. ದೂರುಗಳ ಪಟ್ಟಿ ಸಿದ್ಧವಾಗಿತ್ತು. ಉದ್ದ ಜಡೆಯನ್ನು ಯಾರಿಗೂ ಹೇಳದೆ ಕತ್ತರಿಸಿಕೊಂಡು ಬಂದಿದ್ದಾಳೆ. ಸೋದರತ್ತೆಯ ಮಗಳ ಮದುವೆಗೆ ಸೀರೆ ಉಡಲಾರೆ ಎಂದು ಹಟ ಹಿಡಿದಿದ್ದಾಳೆ. ಮೌಖಿಕ ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಬಾಯಿ ಬಿಡದೆ ನಿಂತು ಅಂಕ ಕಳೆದುಕೊಂಡಿದ್ದಾಳೆ. ಈಗ ನೋಡಿದರೆ ‘ನನಗೆ ಆಟಿಸಂ (ಸ್ವಲೀನತೆ, ಜನರೊಂದಿಗೆ ಬೆರೆಯುವ ಮತ್ತು ಸುತ್ತಲಿನದನ್ನು ಗ್ರಹಿಸುವ ರೀತಿ ಭಿನ್ನವಾಗಿರುವ ಸ್ಥಿತಿ) ಇರಬಹುದು, ನಾನು ಪೂರ್ತಿ ಹೆಣ್ಣೂ ಅಲ್ಲವೇನೋ’ ಎನ್ನುತ್ತಾಳೆ. ಎಲ್ಲಕ್ಕೂ ಕಾರಣ ಒಂದೇ ಎಂಬುದು ತಾಯಿಯ ತೀರ್ಮಾನ: “ಆ ಜಪಾನಿನ ಚಿತ್ರಕಥೆಗಳು ತಲೆ ಕೆಡಿಸಿವೆ ಮೇಡಂ. ಇದೆಲ್ಲ ಹೊಸ ಹುಚ್ಚು. ಮೊದಲು ಅದನ್ನು ಬಿಡಿಸಿ.”

ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ತಾಯಿ ಮಗಳಿಬ್ಬರ ಒಪ್ಪಿಗೆಯೂ ಇದೆ. ‘ಅವಳು’ ಎಂದೇ ಬರೆಯಿರಿ, ಸದ್ಯಕ್ಕೆ ಅದರಿಂದ ತೊಂದರೆಯಿಲ್ಲ ಎಂದು ಅವಳೇ ಹೇಳಿದ್ದಾಳೆ.

ಒಬ್ಬಳೇ ಕುಳಿತಾಗಲೂ ಅವಳು ಹೆಚ್ಚು ಮಾತನಾಡಲಿಲ್ಲ. ಚೀಲದಿಂದ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತೆಗೆದು, ನನಗೆ ಓದಲು ಅನುಕೂಲವಾಗುವಂತೆ ತಿರುಗಿಸಿ ಮೇಜಿನ ಮೇಲಿಟ್ಟಳು. ವಾಣಿಜ್ಯ ವಿದ್ಯಾರ್ಥಿನಿ, ಜಮೆ ಖರ್ಚು ಬರೆಯುವ ಅಂಕಣಗಳಲ್ಲೇ ಎಡಕ್ಕೆ ‘ನನ್ನಂತೆ’, ಬಲಕ್ಕೆ ‘ನನ್ನಂತಲ್ಲ’ ಎಂದು ಬರೆದು, ಓದಿದ ಮಾಂಗಾಗಳ, ಅಂದರೆ ಜಪಾನಿ ಚಿತ್ರಕಥಾ ಪುಸ್ತಕಗಳ ಪಾತ್ರಗಳನ್ನು ಒಂದೊಂದಾಗಿ ಲೆಕ್ಕಕ್ಕೆ ಹಚ್ಚಿದ್ದಳು. ‘ಡೆತ್ ನೋಟ್’ನ ಪತ್ತೇದಾರ ಎಲ್‌ನ ಮುಂದೆ ಎಡಕ್ಕೆ: ‘ಕುಕ್ಕುರುಗಾಲು. ಬರಿಗಾಲು. ನಿದ್ದೆ ಇಲ್ಲ.’ ಬಲಕ್ಕೆ: ‘ಗಂಡು. ಮೇಧಾವಿ. ಆದ್ದರಿಂದ ಎಲ್ಲ ಮಾಫಿ.’

ನಾನು ಆ ಸಾಲಿನ ಮೇಲೆ ಬೆರಳಿಟ್ಟಾಗ ಮಾತು ಹೊರಟಿತು. ಎಲ್ ಕುರ್ಚಿಯ ಮೇಲೆ ಮೊಣಕಾಲು ಮಡಚಿ ಕೂರುತ್ತಾನೆ. ಎಲ್ಲರಂತೆ ಕುಳಿತರೆ ತನ್ನ ಆಲೋಚನಾ ಶಕ್ತಿ ಶೇ 40ರಷ್ಟು ಕುಗ್ಗುತ್ತದೆ ಎಂದು ಕಾರಣವನ್ನೂ ಕೊಡುತ್ತಾನೆ. ಸುತ್ತಲಿನ ಪೊಲೀಸ್ ಅಧಿಕಾರಿಗಳು ಅದನ್ನು ಸಹಿಸಿಕೊಳ್ಳುತ್ತಾರೆ. ಅವನಿಗೆ ಆಟಿಸಂ ಇದೆ ಎಂದು ಕೃತಿಯಲ್ಲಿ ಎಲ್ಲೂ ಹೇಳಿಲ್ಲ. ಓದುಗರು ತಾವಾಗಿ ಹಾಗೆ ಓದಿಕೊಂಡಿದ್ದಾರೆ. ಇವಳಿಗೂ ಹಾಗೆ ಮಡಚಿ ಕುಳಿತರೆ ಮಾತ್ರ ತಲೆ ನಿಲ್ಲುತ್ತದೆ. ತರಗತಿಯಲ್ಲಿ ಒಮ್ಮೆ ಹಾಗೆ ಕುಳಿತಿದ್ದಾಗ ಅಧ್ಯಾಪಕರೊಬ್ಬರು ಎಲ್ಲರೆದುರು ‘ಹೆಣ್ಣುಮಕ್ಕಳು ಕೂರುವ ರೀತಿಯೇ ಇದು?’ ಎಂದು ಕೇಳಿದ್ದರು. “ಭಂಗಿ ಒಂದೇ. ಅವನದು ಬುದ್ಧಿವಂತಿಕೆ, ನನ್ನದು ನಾಚಿಕೆಗೇಡು. ಇಲ್ಲಿ ನನಗೆ ತೊಂದರೆ ಕೊಡುತ್ತಿರುವುದು ನನ್ನ ಮೆದುಳೋ, ನಾನು ಹುಡುಗಿ ಎಂಬುದೋ?” ಎಂದಳು. ಇಡೀ ಪ್ರಕರಣ ಈ ಪ್ರಶ್ನೆಯಲ್ಲಿತ್ತು. ಪುಸ್ತಕದ ಉಳಿದ ಪುಟಗಳೆಲ್ಲ ಅದಕ್ಕೇ ಉತ್ತರ ಹುಡುಕುತ್ತಿದ್ದವು.

2016ರಲ್ಲಿ ಆರಂಭವಾದ, ತೊಮೊಹಿತೊ ಒಡಾ ಅವರ ‘ಕೋಮಿ ಕಾಂಟ್ ಕಮ್ಯುನಿಕೇಟ್’ ಅವಳಿಗೆ ಇಷ್ಟ, ಅದರ ಮೇಲೆ ಸಿಟ್ಟೂ ಇದೆ. ಕೋಮಿಗೆ ಜನರೊಂದಿಗೆ ಮಾತು ಹೊರಡುವುದಿಲ್ಲ. ಸಹಪಾಠಿ ತದಾನೊ ಅದನ್ನು ಗುರುತಿಸಿದ ಮೇಲೆ ಇಬ್ಬರೂ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೇ ಸಂಭಾಷಿಸುತ್ತಾರೆ. ಆ ಪುಟಗಳನ್ನು ಇವಳು ಮೊಬೈಲಿನಲ್ಲಿ ಉಳಿಸಿಕೊಂಡಿದ್ದಳು. ಆದರೆ ಕೋಮಿ ಅಪರೂಪದ ಚೆಲುವೆ, ಹೀಗಾಗಿ ಇಡೀ ಶಾಲೆ ಅವಳ ಮೌನವನ್ನು ಗಾಂಭೀರ್ಯವೆಂದು ತಿಳಿದು ಪೂಜಿಸುತ್ತದೆ. “ನನ್ನ ಮೌನಕ್ಕೆ ನಮ್ಮ ಮನೆಯಲ್ಲಿ ಸೊಕ್ಕು ಎನ್ನುತ್ತಾರೆ.” ಅಕಿಕೊ ಹಿಗಾಶಿಮುರಾ ಅವರ ‘ಕುರಾಗೆಹಿಮೆ’ಯಲ್ಲಿ ಜೆಲ್ಲಿ ಮೀನುಗಳ ಹುಚ್ಚಿನ ತ್ಸುಕಿಮಿ ಇದ್ದಾಳೆ, ರೈಲುಗಳ ಹುಚ್ಚಿನವಳು, ಮೂರು ರಾಜ್ಯಗಳ ಚೀನೀ ಇತಿಹಾಸಕಥೆಯ ಹುಚ್ಚಿನವಳು ಎಲ್ಲರೂ ಒಂದೇ ಹಳೆಯ ಮನೆಯಲ್ಲಿದ್ದಾರೆ. ಹೆಣ್ಣುಡುಗೆ ತೊಟ್ಟು ಓಡಾಡುವ ಕುರಾನೊಸುಕೆ ಎಂಬ ಯುವಕನೂ ಇದ್ದಾನೆ. ಹುಡುಗಿಯರಿಗೂ ಹೀಗೆ ಒಂದೇ ವಿಷಯದ ಹುಚ್ಚು ಹಿಡಿಯಬಹುದು ಎಂಬುದನ್ನು ಅವಳು ಮೊದಲು ನೋಡಿದ್ದು ಅಲ್ಲಿ. ಬಲಗಡೆಯ ಅಂಕಣದಲ್ಲಿ ಮಾತ್ರ ಖಾರವಾಗಿ ಬರೆದಿದ್ದಳು: ‘ಕನ್ನಡಕ ತೆಗೆಸಿ ಅಲಂಕರಿಸಿದ ಕೂಡಲೇ ಸುಂದರಿ. ಯಾಕೆ?’

ಇಷ್ಟು ಹರಿತವಾಗಿ ಓದುವವಳ ತಲೆ ಕೆಟ್ಟಿದೆ ಎಂದು ನಾನು ಹೇಗೆ ಒಪ್ಪಲಿ? ತಾನು ಮೆಚ್ಚಿದ್ದನ್ನೂ ತಕರಾರು ತೆಗೆದು ಓದುತ್ತಿದ್ದಾಳೆ. ಪಾತ್ರವನ್ನು ಅನುಕರಿಸುವವರು ‘ನನ್ನಂತಲ್ಲ’ ಎಂಬ ಅಂಕಣವನ್ನು ಇಟ್ಟುಕೊಳ್ಳುವುದಿಲ್ಲ. ಕಥೆಯ ಪಾತ್ರದಿಂದ ಯಾರಿಗೂ ರೋಗನಿರ್ಣಯ ಮಾಡಲಾಗದು, ಅದು ನಿಜ. ಆದರೆ ಯಾವ ಪುಟದಲ್ಲಿ ಓದುಗರು ತಡೆದು ನಿಂತರು ಎಂಬುದು ಅವರ ಬದುಕಿನ ಬಗ್ಗೆ ಸಾಕ್ಷಿ ನುಡಿಯುತ್ತದೆ. ನಮ್ಮ ಕೆಲಸದಲ್ಲಿ ಇಂಥ ಸಾಕ್ಷಿಯನ್ನು ಕೈಚೆಲ್ಲುವುದು ದಡ್ಡತನ.

ತಾಯಿಯ ‘ಹೊಸ ಹುಚ್ಚು’ ಎಂಬ ಮಾತಿಗೂ ಬುಡವಿಲ್ಲ. ಗಂಡು ಹೃದಯ, ಹೆಣ್ಣು ಹೃದಯ ಎರಡನ್ನೂ ಹೊತ್ತು ಹುಟ್ಟಿದ ರಾಜಕುಮಾರಿ ಸಫಾಯರ್‌ಳ ಕಥೆಯನ್ನು ಒಸಾಮು ತೆಜುಕಾ ಹುಡುಗಿಯರ ಪತ್ರಿಕೆಯಲ್ಲಿ ಆರಂಭಿಸಿದ್ದು 1953ರಲ್ಲಿ. ಗಂಡುಡುಗೆಯ ಸೇನಾಧಿಕಾರಿ ಆಸ್ಕರ್ ಬಂದದ್ದು 1972ರಲ್ಲಿ, ರಿಯೊಕೊ ಇಕೆದಾ ಅವರ ಕೃತಿಯಲ್ಲಿ. ಲಿಂಗತ್ವದ ಗೆರೆ ದಾಟುವ ಆಟ ಮಾಂಗಾದಲ್ಲಿ ಎಪ್ಪತ್ತು ವರ್ಷ ಹಳೆಯದು. ನರವೈವಿಧ್ಯದ, ಅಂದರೆ ಆಟಿಸಂನಂತೆ ಮೆದುಳು ಭಿನ್ನವಾಗಿ ಕೆಲಸ ಮಾಡುವವರ ವಿಷಯದಲ್ಲಿ ಅಷ್ಟು ಔದಾರ್ಯವಿಲ್ಲ. ಅವಳ ಪಟ್ಟಿಯನ್ನೇ ನೋಡಿದರೆ, ವಿಚಿತ್ರ ಗಂಡು ಮೇಧಾವಿ, ಮುದ್ದಾದ ಮೂಕ ಹುಡುಗಿ, ಇಲ್ಲವೇ ನಗಿಸಲು ಬರುವ ಗೆಳತಿಯರ ಗುಂಪು. ಎರಡೂ ಎಳೆಗಳು ಒಬ್ಬಳೇ ಸಾಧಾರಣ ಹುಡುಗಿಯಲ್ಲಿ ಕೂಡಿರುವ ಕಥೆ ಆ ಪುಸ್ತಕದಲ್ಲಿ ಒಂದೂ ಇರಲಿಲ್ಲ.

ತಾಯಿಯೊಂದಿಗೆ ಬೇರೆಯಾಗಿ ಕುಳಿತೆ. ಕಾಲೇಜಿನ ದಿನಗಳಲ್ಲಿ ನೀವು ಏನು ಓದುತ್ತಿದ್ದಿರಿ ಎಂದು ಕೇಳಿದ್ದಕ್ಕೆ ಮುಖ ಅರಳಿತು. ತ್ರಿವೇಣಿ. ‘ಶರಪಂಜರ’ದ ಕಾವೇರಿಗಾಗಿ ಅತ್ತದ್ದು ಇನ್ನೂ ನೆನಪಿದೆ ಎಂದರು. “ಕಾವೇರಿಯನ್ನು ಓದಿ ನಿಮಗೆ ಹುಚ್ಚು ಹಿಡಿಯಿತೇ?” ಎಂದೆ. ಅವರು ಥಟ್ಟನೆ, “ಅವಳಿಗೆ ವಾಸಿಯಾಗಿತ್ತಲ್ಲ. ಮನೆಯವರು ಒಪ್ಪಿಕೊಳ್ಳಲಿಲ್ಲ, ಅಷ್ಟೇ,” ಎಂದರು. ನಾನು ಮುಂದೆ ಏನೂ ವಿವರಿಸಲಿಲ್ಲ. ಓದುವ ಹೆಣ್ಣುಮಕ್ಕಳು ಕೆಡುತ್ತಾರೆ ಎಂಬ ಮಾತು ಈಗ ಮಾಂಗಾಕ್ಕೆ ಅಂಟಿದೆ, ಹಿಂದೆ ಕಾದಂಬರಿಗೆ ಅಂಟಿತ್ತು; ಅಂಥ ಮಾತಿಗೆ ನನ್ನ ತಾಳ್ಮೆ ಸ್ವಲ್ಪ ಕಡಿಮೆ.

ಸೀರೆಯ ವಿಷಯ ಬಿಡಿಸಿ ನೋಡುವಂಥದ್ದು. ‘ಗಂಡಿನಂತೆ ಇರಬೇಕೆಂಬ ಆಸೆ’ ಎಂದು ತಾಯಿ ಓದಿಕೊಂಡಿದ್ದರು. ಉಟ್ಟಾಗ ಏನಾಗುತ್ತದೆ, ಮೇಲಿನಿಂದ ಕೆಳಗೆ ಹೇಳು ಎಂದೆ. ಮಲ್ಲಿಗೆಯ ವಾಸನೆ ತಲೆನೋವು ತರುತ್ತದೆ. ಜರಿಯಂಚು ಕತ್ತಿನ ಬದಿಯನ್ನು ಗೀರುತ್ತದೆ. ಹೆಗಲಿನ ಪಿನ್ನು ಚುಚ್ಚದಿದ್ದರೂ ಅದು ಅಲ್ಲಿದೆ ಎಂಬುದೊಂದೇ ಗಂಟೆಗಟ್ಟಲೆ ತಲೆಯಲ್ಲಿರುತ್ತದೆ. ಲಂಗದ ಲಾಡಿ ಹೊಟ್ಟೆಯನ್ನು ಕೊಯ್ಯುತ್ತದೆ. ಇವೆಲ್ಲದರ ಮೇಲೆ ಛತ್ರದ ವಾಲಗ. ಅಪ್ಪನ ಹಳೆಯ ಹತ್ತಿ ಅಂಗಿಯಲ್ಲಿ ಇದೊಂದೂ ಇಲ್ಲ. ಹಾಗಾದರೆ ಇದು ಬರೀ ಚರ್ಮದ ಮಾತೇ, ಮೃದುವಾದ ಸೀರೆ ಸಿಕ್ಕರೆ ಉಡುತ್ತೀಯಾ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ, “ಚರ್ಮಕ್ಕೆ ಒಪ್ಪಬಹುದು. ಆಮೇಲೆ ಎಲ್ಲರೂ ‘ಈಗ ಲಕ್ಷಣವಾಗಿದ್ದೀಯ’ ಎನ್ನುತ್ತಾರೆ. ಅದು ನನಗೆ ಒಪ್ಪುವುದಿಲ್ಲ,” ಎಂದಳು.

ತಕಾಕೊ ಶಿಮುರಾ ಅವರ ‘ಹೋರೋ ಮುಸುಕೊ’ (2002–2013) ನೆರವಿಗೆ ಬಂದದ್ದು ಇಲ್ಲಿ. ಹುಡುಗಿಯಾಗಬಯಸುವ ನಿತೊರಿ, ಹುಡುಗನಾಗಬಯಸುವ ತಾಕಾತ್ಸುಕಿ ಅದರ ಮುಖ್ಯ ಪಾತ್ರಗಳು. ತಾಕಾತ್ಸುಕಿಯೇ ಅವಳ ಆಯ್ಕೆಯಾಗಿರಬೇಕೆಂದು ಊಹಿಸುವವರು ತಪ್ಪುತ್ತಾರೆ. ಅವಳು ತೋರಿಸಿದ್ದು ಬದಿಯ ಪಾತ್ರವಾದ ಸರಾಶಿನಾಳನ್ನು. ಹುಡುಗರ ಸಮವಸ್ತ್ರ ತೊಟ್ಟು ಶಾಲೆಗೆ ಬರುವ, ಅದಕ್ಕೆ ‘ಬೇಕೆನಿಸಿತು’ ಎಂಬುದಕ್ಕಿಂತ ದೊಡ್ಡ ಕಾರಣ ಕೊಡದ ಹುಡುಗಿ. ಸರಾಶಿನಾಳ ಉಡುಪು ಸಣ್ಣ ಗುಸುಗುಸುವಿನಲ್ಲಿ ಮುಗಿಯುತ್ತದೆ. ಮುಂದೆ ನಿತೊರಿ ಹುಡುಗಿಯರ ಸಮವಸ್ತ್ರದಲ್ಲಿ ಬಂದಾಗ ಮನೆಯವರನ್ನೇ ಕರೆಸಲಾಗುತ್ತದೆ. ಈ ವ್ಯತ್ಯಾಸವನ್ನೂ ಅವಳು ಗುರುತು ಹಾಕಿದ್ದಳು. ಅವಳು ಬೇಡುತ್ತಿದ್ದುದು ಕಾರಣ ಕೊಡದೆ ಇರುವ ಹಕ್ಕನ್ನು ಎಂದು ನನಗೆ ಅಂದೇ ತಿಳಿಯಿತು. ಆದರೆ ನಮ್ಮ ಮನೆಗಳಲ್ಲಿ ಕಾರಣವಿಲ್ಲದೆ ಏನೂ ದಕ್ಕುವುದಿಲ್ಲ. ಹಾಗಾಗಿಯೇ ಅವಳು ವೈದ್ಯಕೀಯ ಕಾರಣವೊಂದನ್ನು ಹುಡುಕುತ್ತಿದ್ದಳೇ ಎಂಬ ಅನುಮಾನವೂ ನನಗಿತ್ತು. ಕೇಳಿದೆ. “ಸ್ವಲ್ಪ ಹೌದು,” ಎಂದಳು. ಆ ಪ್ರಾಮಾಣಿಕತೆ ಮುಂದಿನ ಕೆಲಸವನ್ನು ಸುಲಭ ಮಾಡಿತು.

ಆಟಿಸಂ ಇದೆಯೋ ಇಲ್ಲವೋ ಹೇಳುವುದು ನನ್ನ ಅಧಿಕಾರವಲ್ಲ. ಅದು ಮನೋವೈದ್ಯರ, ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟರ ಕೆಲಸ. ಮೊಬೈಲಿನಲ್ಲಿ ಸಿಗುವ ಪ್ರಶ್ನಾವಳಿಯ ಅಂಕಗಳನ್ನು ನಾನು ನೋಡಲಿಲ್ಲ. ಮೌಲ್ಯಮಾಪನದಲ್ಲಿ ಬಾಲ್ಯದ ಬೆಳವಣಿಗೆಯ ಇತಿಹಾಸ ಬಹಳ ಮುಖ್ಯ, ಅದನ್ನು ಕೊಡಬಲ್ಲವರು ತಾಯಿ ಎಂದು ಇಬ್ಬರನ್ನೂ ಕೂರಿಸಿ ಹೇಳಿದೆ. ಹುಡುಗಿಯರಲ್ಲಿ ಇದು ತಡವಾಗಿ ಗೊತ್ತಾಗುವುದುಂಟು. ಸುತ್ತಲಿನವರ ನಗು, ನೋಟ, ಮಾತಿನ ಧಾಟಿಯನ್ನು ನಕಲು ಮಾಡಿ ದಿನ ದಾಟಿಸುತ್ತಾರೆ, ಮನೆಗೆ ಬಂದು ಕುಸಿಯುತ್ತಾರೆ. ಮಾತು ಕಟ್ಟುವುದು ಬರೀ ಸಾಮಾಜಿಕ ಆತಂಕದಿಂದಲೂ ಆಗಬಹುದು, ಅದರ ಚಿಕಿತ್ಸೆಯೇ ಬೇರೆ. ಹೀಗಾಗಿ ಪರೀಕ್ಷಿಸಬೇಕು. ಆಟಿಸಂ ಮತ್ತು ಲಿಂಗತ್ವದ ಪ್ರಶ್ನೆ ಒಟ್ಟಿಗೆ ಬಂದದ್ದೂ ಅಪರೂಪವಲ್ಲ. 2020ರಲ್ಲಿ ಕೇಂಬ್ರಿಜ್‌ನ ಸಂಶೋಧಕರು 6 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಪರಿಶೀಲಿಸಿ, ಲಿಂಗತ್ವ ವೈವಿಧ್ಯವುಳ್ಳವರಲ್ಲಿ ಆಟಿಸಂ ಇರುವ ಸಾಧ್ಯತೆ ಉಳಿದವರಿಗಿಂತ ಮೂರರಿಂದ ಆರು ಪಟ್ಟು ಹೆಚ್ಚು ಎಂದು ಕಂಡುಕೊಂಡಿದ್ದಾರೆ. ಒಂದು ಇನ್ನೊಂದಕ್ಕೆ ಕಾರಣ ಎಂದು ಇದರರ್ಥವಲ್ಲ. ಒಂದಿದ್ದರೆ ಇನ್ನೊಂದು ಸುಳ್ಳು ಎಂದೂ ಅಲ್ಲ. ‘ಆಟಿಸಂ ಇದ್ದರೆ ಈ ಗಂಡು ಹೆಣ್ಣಿನ ಗೊಂದಲ ತಾನಾಗಿ ಹೋಗುತ್ತದೆ’ ಎಂಬ ಆಸೆ ತಾಯಿಯ ಕಣ್ಣಲ್ಲಿ ಮೂಡಿದ್ದರಿಂದ ಇದನ್ನು ಎರಡು ಸಲ ಹೇಳಬೇಕಾಯಿತು.

ಮಗಳಿಗೆ ಕೊಟ್ಟ ಸಲಹೆ ಇಷ್ಟು. ಲೆಕ್ಕದ ಪುಸ್ತಕ ಮುಂದುವರಿಯಲಿ, ಆದರೆ ಇನ್ನೊಂದು ಅಂಕಣ ಸೇರಲಿ: ಎಲ್ಲಿ, ಯಾವಾಗ, ಯಾರೆದುರು. ಎಲ್‌ನ ಕುಕ್ಕುರುಗಾಲಿನಿಂದ ವೈದ್ಯರಿಗೆ ಪ್ರಯೋಜನವಿಲ್ಲ. ಮಂಗಳವಾರದ ತರಗತಿಯಲ್ಲಿ ಆದದ್ದರಿಂದ ಇದೆ. ಲಿಂಗತ್ವಕ್ಕೆ ಹೆಸರಿಡಲು ಅವಸರವಿಲ್ಲ, ಹೆಸರಿಡದಿದ್ದರೂ ನಡೆಯುತ್ತದೆ; ಯಾರಿಗೆ ಹೇಳಬೇಕು ಎಂಬುದು ಅವಳಿಗೆ ಬಿಟ್ಟದ್ದು, ಮದುವೆ ಮನೆ ಅದಕ್ಕೆ ಜಾಗವಲ್ಲ. ಮೌಖಿಕ ಪರೀಕ್ಷೆಗೆ, ಪ್ರಶ್ನೆಯನ್ನು ಬರೆದು ಕೊಡಿ, ಉತ್ತರವನ್ನೂ ಬರೆದು ಕೊಡುತ್ತೇನೆ ಎಂದು ಕಾಲೇಜಿಗೆ ಅರ್ಜಿ ಹಾಕಬಹುದು. ಕೋಮಿಯ ಕಪ್ಪುಹಲಗೆ ಅಂಥದ್ದೇ ಏರ್ಪಾಡಲ್ಲವೇ ಎಂದಾಗ ಅವಳು ಮೊದಲ ಬಾರಿಗೆ ನಕ್ಕಳು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಆಟಿಸಂ ಕೂಡ ಇದೆ. ರೋಗನಿರ್ಣಯವಾದರೆ ಅರ್ಜಿಗೆ ಕಾನೂನಿನ ಬಲ ಬರುತ್ತದೆ.

ತಾಯಿಗೆ ಹೇಳಬೇಕಾದದ್ದು ಹೆಚ್ಚಿತ್ತು. ಮೊಬೈಲ್ ಕಿತ್ತುಕೊಳ್ಳಬೇಡಿ. ಜಡೆಯ ಮಾತನ್ನು ಇಲ್ಲಿಗೆ ನಿಲ್ಲಿಸಿ. ಮದುವೆಗೆ ಮುಹೂರ್ತದ ಹೊತ್ತಿಗೆ ಮಾತ್ರ ಬರಲಿ, ಹತ್ತಿಯ ಕುರ್ತಾ ಸಾಕು, ವಾಲಗದಿಂದ ದೂರದ ಕೋಣೆಯೊಂದರ ಕೀಲಿ ಅವಳ ಕೈಯಲ್ಲಿರಲಿ. ಅವಳು ಚಿಕ್ಕವಳಿದ್ದಾಗಿನದನ್ನೆಲ್ಲ ನೆನಪಾದಂತೆ ಬರೆದಿಡಿ: ಯಾವಾಗ ಮಾತು ಕಲಿತಳು, ಹೇಗೆ ಆಡುತ್ತಿದ್ದಳು, ಯಾವುದಕ್ಕೆ ಅಳುತ್ತಿದ್ದಳು. ‘ಮನಸ್ಸು ಬದಲಿಸುವ’ ವೈದ್ಯರಿದ್ದಾರಂತೆ ಎಂದು ಅವರು ಕೇಳಿದಾಗ ಮಾತ್ರ ನನ್ನ ದನಿ ಬಿಗಿಯಾಯಿತು. ಲಿಂಗತ್ವವನ್ನೋ ಲೈಂಗಿಕ ಒಲವನ್ನೋ ‘ಸರಿಪಡಿಸುವ’ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದು ಸಾರಿದೆ. ಅಂಥವರ ಬಳಿ ಕರೆದೊಯ್ದರೆ ಮಗಳು ನಿಮ್ಮ ಕೈ ತಪ್ಪುತ್ತಾಳೆ ಎಂದೆ.

ಒಂದು ಪುಸ್ತಕವನ್ನೂ ಸೂಚಿಸಿದೆ. ಕೇಕೊ ತೊಬೆ ಅವರ ‘ಹಿಕಾರಿ ತೊ ತೊಮೊನಿ’, ಆಟಿಸಂ ಇರುವ ಮಗ ಹಿಕಾರು ಮತ್ತು ತಾಯಿ ಸಾಚಿಕೊಳ ಕಥೆ. ವಿವಾಹಿತ ಮಹಿಳೆಯರ ಪತ್ರಿಕೆಯಲ್ಲಿ ಬರುತ್ತಿತ್ತು. 2010ರಲ್ಲಿ ಲೇಖಕಿ ತೀರಿಕೊಂಡಾಗ ಅಪೂರ್ಣವಾಗಿ ಉಳಿಯಿತು. 2004ರಲ್ಲಿ ಅದು ಟಿವಿ ಧಾರಾವಾಹಿಯಾಯಿತು. ಜಪಾನಿನ ಸಂಸತ್ತು ಬೆಳವಣಿಗೆಯ ವೈಕಲ್ಯವುಳ್ಳವರ ನೆರವಿನ ಕಾಯ್ದೆಯನ್ನು ಅಂಗೀಕರಿಸಿದ್ದೂ ಅದೇ ವರ್ಷ. ಮಗಳಿಗೆ ಅದರ ಮೇಲೆ ತಕರಾರಿತ್ತು: “ಅದು ಅಮ್ಮನ ಕಥೆ. ಹಿಕಾರುವಿಗೆ ಏನನಿಸುತ್ತದೆ ಎಂದು ಯಾರೂ ಕೇಳುವುದಿಲ್ಲ.” ತಕರಾರು ನ್ಯಾಯವಾದದ್ದೇ. ಅಮ್ಮನ ಕಥೆಯಾದ್ದರಿಂದಲೇ ಅಮ್ಮನಿಗೆ ಎಂದೆ. ಇಂಗ್ಲಿಷ್ ಅನುವಾದವನ್ನು ಮಗಳು ಬಲದಿಂದ ಎಡಕ್ಕೆ ಬೆರಳಾಡಿಸುತ್ತ ಚೌಕ ಚೌಕವಾಗಿ ಕನ್ನಡದಲ್ಲಿ ಹೇಳತೊಡಗಿದಳು. ಎತ್ತಿಕೊಂಡರೆ ಮೈ ಸೆಟೆಸಿ ಕಿರುಚುವ ಕೂಸು. ಸೊಸೆಯ ಸಾಕಣೆಯೇ ಸರಿಯಿಲ್ಲ ಎನ್ನುವ ಅತ್ತೆ. ಅಲ್ಲಿ ತಾಯಿ ಪುಸ್ತಕದ ಮೇಲೆ ಕೈಯಿಟ್ಟು ನಿಲ್ಲಿಸಿದರಂತೆ. ಇವಳೂ ಹಾಗೆಯೇ, ಎಣ್ಣೆ ಹಚ್ಚಲು ಬಿಡುತ್ತಿರಲಿಲ್ಲ, ನನ್ನ ಅತ್ತೆಯೂ ಇದನ್ನೇ ಹೇಳಿದ್ದರು ಎಂದರಂತೆ. ಮೌಲ್ಯಮಾಪನಕ್ಕೆ ಬೇಕಿದ್ದ ಬಾಲ್ಯದ ವಿವರಗಳಲ್ಲಿ ಅರ್ಧದಷ್ಟು ಹೊರಬಂದದ್ದು ಆ ರಾತ್ರಿ.

ವರದಿ ಬಂದಿದೆ: ಆಟಿಸಂ ಇದೆ, ಜೊತೆಗೆ ಆತಂಕವೂ ಇದೆ. ನಿರಾಳವಾಗುತ್ತಾಳೆ ಎಂದುಕೊಂಡಿದ್ದವರಿಗೆ ಸಿಕ್ಕಿದ್ದು ಸಿಟ್ಟು; ಇಷ್ಟು ವರ್ಷ ಯಾರಿಗೂ ಯಾಕೆ ಕಾಣಲಿಲ್ಲ ಎಂದು. ಆ ಸಿಟ್ಟಿಗೆ ಸಮಯ ಕೊಡಬೇಕು. ಲಿಂಗತ್ವದ ಪ್ರಶ್ನೆ ಮೊದಲಿದ್ದಲ್ಲೇ ಇದೆ, ಅದಕ್ಕೆ ವರದಿಯಲ್ಲಿ ಉತ್ತರವಿಲ್ಲ, ಇರಬೇಕಾಗಿಯೂ ಇಲ್ಲ. ಕಾಲೇಜು ಲಿಖಿತ ಉತ್ತರಕ್ಕೆ ಒಪ್ಪಿದೆ. ಕುರ್ಚಿಯ ಮೇಲೆ ಕಾಲು ಮಡಚುವುದಕ್ಕೆ ಇನ್ನೂ ಒಪ್ಪಿಲ್ಲ. ತಾಯಿ ಹಿಕಾರುವಿನ ಅಪ್ಪ ಮಸಾತೊನನ್ನು ಬೈಯುತ್ತಿದ್ದಾರೆ. ಮೊದಮೊದಲು ಕಚೇರಿ ಕಚೇರಿ ಎನ್ನುತ್ತಿದ್ದವನು ಆಮೇಲೆ ಬದಲಾಗುತ್ತಾನೆ, ನಮ್ಮ ಮನೆಯವರು ಒಂದು ಸಲವೂ ಇಲ್ಲಿಗೆ ಬಂದಿಲ್ಲ ನೋಡಿ ಎಂದರು. ಮುಂದಿನ ಭೇಟಿಗೆ ಅವರನ್ನೂ ಬರಹೇಳಿದ್ದೇನೆ.