ಫಾಲ್ಸ್ ಅಂತ ಕೊಟ್ಟರೂ ಟ್ರೂ ಯಾಕೆ ಬರುತ್ತದೆ?

ಪ್ರಶ್ನೆ: ನನ್ನ ಪೈಥಾನ್ ಸ್ಕ್ರಿಪ್ಟ್‌ನಲ್ಲಿ ಆರ್ಗ್‌ಪಾರ್ಸ್ (ಕಮಾಂಡ್ ಲೈನ್‌ನಲ್ಲಿ ಕೊಟ್ಟ ಆಪ್ಷನ್‌ಗಳನ್ನು ಓದುವ ಮಾಡ್ಯೂಲ್) ಬಳಸಿ ‘--ಡಿಲೀಟ್’ ಅನ್ನುವ ಆಪ್ಷನ್ ಇಟ್ಟಿದ್ದೇನೆ. ಅದರ ಟೈಪ್ ಬೂಲ್, ಅಂದರೆ ಟ್ರೂ ಇಲ್ಲವೇ ಫಾಲ್ಸ್. ಅದಕ್ಕೆ ಫಾಲ್ಸ್ ಅಂತ ಕೊಟ್ಟರೂ ಫೈಲ್‌ಗಳು ಅಳಿಸಿಹೋಗುತ್ತಿವೆ. ಇದು ಪೈಥಾನ್‌ನ ಬಗ್ ಅಲ್ವಾ?

ಉತ್ತರ: ಅಲ್ಲ. ಇದನ್ನೇ ಎಷ್ಟೋ ಜನ ಕೇಳುತ್ತಾರೆ, ಹಾಗಾಗಿ ಈ ಸಲ ಬಿಡಿಸಿ ಹೇಳುತ್ತೇನೆ. ಕಮಾಂಡ್ ಲೈನ್‌ನಿಂದ ಸ್ಕ್ರಿಪ್ಟ್‌ಗೆ ಬರುವುದೆಲ್ಲ ಬರೀ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಟೈಪ್ ಅಂತ ನೀವು ಕೊಟ್ಟದ್ದನ್ನು ಆರ್ಗ್‌ಪಾರ್ಸ್ ಫಂಕ್ಷನ್ ಥರ ಕರೆದು ಆ ಸ್ಟ್ರಿಂಗನ್ನು ಅದರ ಕೈಗೆ ಕೊಡುತ್ತದೆ, ಅಷ್ಟೇ. ಬೂಲ್‌ಗೆ ಒಳಗೆ ಏನು ಬರೆದಿದೆ ಅನ್ನುವುದು ಬೇಕಿಲ್ಲ, ಸ್ಟ್ರಿಂಗ್ ಖಾಲಿಯಾ ಅಲ್ಲವಾ ಅಂತ ಮಾತ್ರ ನೋಡುತ್ತದೆ. ಫಾಲ್ಸ್ ಖಾಲಿ ಅಲ್ಲ, ಆದ್ದರಿಂದ ಟ್ರೂ. ನೋ ಅಂದರೂ ಟ್ರೂ, ಸೊನ್ನೆ ಕೊಟ್ಟರೂ ಟ್ರೂ.

ಟೈಪ್ ತೆಗೆದುಹಾಕಿ, ಆಕ್ಷನ್ ಜಾಗದಲ್ಲಿ ‘ಸ್ಟೋರ್_ಟ್ರೂ’ ಬರೆಯಿರಿ. ಆಪ್ಷನ್ ಕೊಟ್ಟರೆ ಟ್ರೂ, ಕೊಡದಿದ್ದರೆ ಫಾಲ್ಸ್. ಬೇಡ ಅನ್ನುವುದನ್ನೂ ಬಾಯಿಬಿಟ್ಟು ಹೇಳುವ ಹಾಗಿರಬೇಕು ಅಂದರೆ ಪೈಥಾನ್ 3.9ರಿಂದ ‘ಬೂಲಿಯನ್‌ಆಪ್ಷನಲ್‌ಆಕ್ಷನ್’ ಇದೆ, ‘--ನೋ-ಡಿಲೀಟ್’ ಅನ್ನೂ ಅದೇ ಮಾಡಿಕೊಡುತ್ತದೆ. ಆದರೆ ಡಿಫಾಲ್ಟ್ ಫಾಲ್ಸ್ ಅಂತ ನೀವೇ ಬರೆಯಿರಿ, ಇಲ್ಲದಿದ್ದರೆ ಆಪ್ಷನ್ ಕೊಡದಿದ್ದಾಗ ‘ನನ್’ (None, ಅಂದರೆ ಏನೂ ಇಲ್ಲ) ಬರುತ್ತದೆ.

ಟೈಪ್ ಜಾಗಕ್ಕೆ ‘ಇವಾಲ್’ ಹಾಕಿ, ಸರಿಹೋಗುತ್ತೆ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇವಾಲ್ ಅಂದರೆ ಎದುರಿಗಿರುವವರು ಟೈಪ್ ಮಾಡಿದ್ದನ್ನು ಕೋಡ್ ಅಂತ ಓಡಿಸುವುದು, ಫೈಲ್ ಅಳಿಸುವ ಸ್ಕ್ರಿಪ್ಟ್‌ನಲ್ಲಿ ಅಂಥದ್ದನ್ನು ಇಟ್ಟುಕೊಳ್ಳುತ್ತೀರಾ? ಇನ್ನು ಕೆಲವರು ಪೈಥಾನ್ ಜೊತೆಗೇ ಬರುತ್ತಿದ್ದ ಡಿಸ್ಟ್‌ಯುಟಿಲ್ಸ್ ಮಾಡ್ಯೂಲ್‌ನ ‘ಸ್ಟ್ರ್‌ಟುಬೂಲ್’ (ಸ್ಟ್ರಿಂಗನ್ನು ಓದಿ ಟ್ರೂನಾ ಫಾಲ್ಸಾ ಅಂತ ಹೇಳುವ ಫಂಕ್ಷನ್) ಹಾಕಿ ಅಂತಾರೆ. ಡಿಸ್ಟ್‌ಯುಟಿಲ್ಸ್ ಅನ್ನೇ 3.12ರಲ್ಲಿ ತೆಗೆದುಹಾಕಿದ್ದಾರೆ. ಹಳೆಯ ಉತ್ತರಗಳನ್ನು ಸುಮ್ನೆ ಕಾಪಿ ಮಾಡಬೇಡಿ.

ಜೊತೆಗೆ ಒಂದು ಮಾತು. ಅಳಿಸು ಅಂತ ನಾವು ಹೇಳದಿದ್ದಾಗ ಅಳಿಸುವ ಸ್ಕ್ರಿಪ್ಟ್ ಏನೂ ಅಳಿಸಬಾರದು, ಯಾವ ಫೈಲ್‌ಗಳು ಹೋಗುತ್ತವೆ ಅಂತ ಪಟ್ಟಿ ಮಾತ್ರ ತೋರಿಸಬೇಕು. ನಾನು ಬರೆಯುವುದು ಹೀಗೇ, ಇದಕ್ಕೆ ಬೇಸರ ಪಟ್ಟುಕೊಳ್ಳುವವರ ಜೊತೆ ವಾದ ಮಾಡುವುದಿಲ್ಲ.

ಪ್ರಶ್ನೆ: ಆರ್ಗ್‌ಪಾರ್ಸ್ ಯಾಕೆ, ಕಮಾಂಡ್ ಲೈನ್‌ನಲ್ಲಿ ಬರೆದದ್ದನ್ನು ಹಾಗೇ ಪಟ್ಟಿಯಾಗಿ ಕೊಡುವ ಸಿಸ್.ಆರ್ಗ್‌ವಿ ಸಾಕಲ್ವಾ?

ಉತ್ತರ: ಒಂದೇ ಒಂದು ಫೈಲ್ ಹೆಸರು ತಗೊಳ್ಳುವುದಾದರೆ ಸಾಕು, ಅದಕ್ಕಿಂತ ಜಾಸ್ತಿಯಾದರೆ ಬೇಡ.

ಪ್ರಶ್ನೆ: ಪಾಸ್‌ವರ್ಡನ್ನು ಆಪ್ಷನ್ ಆಗಿ ಕೊಡಬಹುದಾ?

ಉತ್ತರ: ಖಂಡಿತ ಬೇಡ. ಅದೇ ಮಷಿನ್‌ನಲ್ಲಿ ಬೇರೆಯವರು ‘ಪಿಎಸ್’ (ಓಡುತ್ತಿರುವ ಪ್ರೋಗ್ರಾಮ್‌ಗಳನ್ನು ತೋರಿಸುವ ಕಮಾಂಡ್) ಓಡಿಸಿದರೆ ಸಾಮಾನ್ಯವಾಗಿ ಕಾಣಿಸಿಬಿಡುತ್ತದೆ, ಶೆಲ್ ಹಿಸ್ಟರಿಯಲ್ಲೂ (ನೀವು ಟೈಪ್ ಮಾಡಿದ ಕಮಾಂಡ್‌ಗಳ ದಾಖಲೆ) ಉಳಿಯುತ್ತದೆ. ಟೈಪ್ ಮಾಡಿದ್ದನ್ನು ತೆರೆಯ ಮೇಲೆ ತೋರಿಸದೆ ಪಾಸ್‌ವರ್ಡ್ ಕೇಳುವ ‘ಗೆಟ್‌ಪಾಸ್’ ಬಳಸಿ.

ಪ್ರಶ್ನೆ: ಫೈಲ್ ಹೆಸರು ಡ್ಯಾಶ್‌ನಿಂದ ಶುರುವಾದರೆ ಎರರ್ ಬರುತ್ತದೆ, ಏನು ಮಾಡಲಿ?

ಉತ್ತರ: ಹೆಸರಿಗೆ ಮೊದಲು ಬರೀ ಎರಡು ಡ್ಯಾಶ್ ಹಾಕಿ ಸ್ಪೇಸ್ ಬಿಡಿ. ಅಲ್ಲಿಂದ ಮುಂದಿನದು ಯಾವುದನ್ನೂ ಆರ್ಗ್‌ಪಾರ್ಸ್ ಆಪ್ಷನ್ ಅಂತ ಓದುವುದಿಲ್ಲ.