ಓದುಗರ ಪ್ರಶ್ನೆ: ಕಲಾಮುದ್ರಣಕ್ಕೆ ಯಾವ ಇಂಕು, ಯಾವ ಪ್ರಿಂಟರ್?

ಚಿತ್ರಗಳನ್ನು, ಫೋಟೋಗಳನ್ನು ಇಂಕ್‌ಜೆಟ್‌ನಲ್ಲಿ ಮುದ್ರಿಸಿ ಮಾರುವವರಿಂದ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಆರು ಬಣ್ಣದ ಇಂಕ್‌ಟ್ಯಾಂಕ್ ಪ್ರಿಂಟರ್. ಮಾರಿದ ಎರಡು ಪ್ರಿಂಟುಗಳು ವರ್ಷ ತುಂಬುವುದರೊಳಗೆ ವಾಪಸ್ ಬಂದವು. ಆಕಾಶದ ನೀಲಿ ಹೋಗಿ ಚಿತ್ರವೆಲ್ಲ ಕೆಂಪಡರಿದೆ. ಇದೇ ಮಷೀನಿಗೆ ಪಿಗ್ಮೆಂಟ್ ಇಂಕು ತುಂಬಿಸಿ ಎನ್ನುತ್ತಾರೆ ಅಂಗಡಿಯವರು. ತುಂಬಿಸಬಹುದೇ? (ಸ್ಟುಡಿಯೋ ಮಾಲೀಕರು, ಧಾರವಾಡ)

ಉತ್ತರ: ಬೇಡ. ಮೊದಲು ಬಣ್ಣ ಹೋದದ್ದೇಕೆ ಎಂದು ನೋಡೋಣ. ಈ ಬಗೆಯ ಮಷೀನುಗಳಲ್ಲಿ ಸಾಮಾನ್ಯವಾಗಿ ಇರುವುದು ಡೈ ಇಂಕು. ನೀರಿನಲ್ಲಿ ಸಕ್ಕರೆ ಕರಗಿದ ಹಾಗೆ ಅದರಲ್ಲಿ ಬಣ್ಣ ಪೂರ್ತಿ ಕರಗಿರುತ್ತದೆ. ಹಾಗಾಗಿ ಬೆಳಕೂ ಗಾಳಿಯಲ್ಲಿರುವ ಓಝೋನೂ ಒಂದೊಂದೇ ಅಣುವನ್ನು ನೇರವಾಗಿ ಮುಟ್ಟುತ್ತವೆ. ಓಝೋನಿಗೆ ಸಾಮಾನ್ಯವಾಗಿ ಮೊದಲು ಸೋಲುವುದು ಸಯಾನ್, ಅಂದರೆ ಹಸಿರು ಬೆರೆತ ನೀಲಿ ಇಂಕು. ಅದು ಹೋದರೆ ಉಳಿಯುವುದು ಕೆಂಪು, ಹಳದಿ. ಬೇಗ ಒಣಗುವ ಸೂಕ್ಷ್ಮರಂಧ್ರದ ಗ್ಲಾಸಿ ಕಾಗದಕ್ಕೆ ಗಾಜು ಹಾಕದೆ ತೂಗುಹಾಕಿದರೆ ಇದು ಇನ್ನೂ ಬೇಗ ಆಗುತ್ತದೆ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣವು ರಾಳದ ಕವಚ ತೊಟ್ಟ ಕಣವಾಗಿ ತೇಲುತ್ತಿರುತ್ತದೆ. ಹೊರಪದರ ಸವೆದರೂ ಒಳಗಿನ ಬಣ್ಣ ಉಳಿಯುತ್ತದೆ.

ಆದರೆ ಆ ಕಣಗಳು ತಳಕ್ಕೆ ಕೂರುತ್ತವೆ. ಡೈ ಇಂಕಿಗೆಂದು ಮಾಡಿದ ಪೈಪಿನಲ್ಲಿ, ಡ್ಯಾಂಪರಿನಲ್ಲಿ (ಹೆಡ್ಡಿಗೆ ಹೋಗುವ ಮುಂಚೆ ಇಂಕು ನಿಲ್ಲುವ ಪುಟ್ಟ ಡಬ್ಬಿ) ಅವು ಗಟ್ಟಿಯಾದರೆ ಇಂಕು ಚಿಮ್ಮಿಸುವ ಹೆಡ್ಡೇ ಹೋಯಿತು. ಹಳೆಯ ಡೈ ಉಳಿದಿದ್ದರೆ ಎರಡೂ ಬೆರೆತು ಹೆಪ್ಪುಗಟ್ಟುವುದೂ ಉಂಟು. ಅದಲ್ಲದೆ ಇಂಥ ಹಲವು ಮಷೀನುಗಳಲ್ಲಿ ಬೂದು ಇಂಕುಗಳಿಲ್ಲ, ಡ್ರೈವರಿನ (ಪ್ರಿಂಟರನ್ನು ನಡೆಸುವ ತಂತ್ರಾಂಶದ) ಲೆಕ್ಕಾಚಾರವೂ ಡೈ ಇಂಕಿನದು. ಗ್ಲಾಸಿ ಕಾಗದದ ಮೇಲೆ ಓರೆಯಾಗಿ ನೋಡಿದಾಗ ಕಪ್ಪಿನಲ್ಲಿ ತಾಮ್ರದ ಹೊಳಪು ಕಾಣುತ್ತದೆ. ಈ ಮಷೀನನ್ನು ಆಲ್ಬಮ್, ಕಾರ್ಡು, ಪೋಸ್ಟರಿಗೆ ಇಟ್ಟುಕೊಳ್ಳಿ. ಗೋಡೆಯ ಮೇಲೆ ವರ್ಷಗಟ್ಟಲೆ ಇರಬೇಕಾದದ್ದನ್ನು ಪಿಗ್ಮೆಂಟ್ ಮಷೀನಿನಲ್ಲೇ ತೆಗೆಯಿರಿ.

ನಂಬಿಕೆ ಬರಬೇಕಾದರೆ ಒಂದೇ ಚಿತ್ರವನ್ನು ಎರಡೂ ಇಂಕಿನಲ್ಲಿ ತೆಗೆದು ನಡುವೆ ಕತ್ತರಿಸಿ. ಒಂದೊಂದು ಅರ್ಧವನ್ನು ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ, ಉಳಿದವನ್ನು ಕಪಾಟಿನಲ್ಲಿಡಿ. ಮೂರು ತಿಂಗಳಾದ ಮೇಲೆ ಜೋಡಿಸಿ ನೋಡಿ.

ಪ್ರಶ್ನೆ: ಎಪ್ಸನ್ ಪಿ900 ಕೊಳ್ಳಲೋ, ಕ್ಯಾನನ್ ಪ್ರೊ-1000 ಕೊಳ್ಳಲೋ? ತಿಂಗಳಿಗೆ ಹತ್ತು ಹನ್ನೆರಡು ಎ2 ಪ್ರಿಂಟು ತೆಗೆಯುವ ಅಂದಾಜಿದೆ. (ವನ್ಯಜೀವಿ ಛಾಯಾಗ್ರಾಹಕರು, ಶಿವಮೊಗ್ಗ)

ಉತ್ತರ: ಎರಡೂ 17 ಇಂಚಿನ, ಪಿಗ್ಮೆಂಟ್ ಇಂಕಿನ ಮಷೀನುಗಳು. ಚೌಕಟ್ಟಿನೊಳಗೆ ಕೂತ ಮೇಲೆ ಯಾವುದು ಯಾವುದರ ಪ್ರಿಂಟು ಎಂದು ಹೇಳುವುದು ಪಳಗಿದ ಕಣ್ಣಿಗೂ ಸುಲಭವಲ್ಲ. ಹಾಗಾಗಿ ಮಾದರಿ ಪ್ರಿಂಟುಗಳನ್ನು ಹೋಲಿಸುತ್ತಾ ಕೂರುವ ಬದಲು, ಎಷ್ಟು ದಿನಕ್ಕೊಮ್ಮೆ ಮಷೀನು ಓಡಿಸುತ್ತೀರಿ, ಯಾವ ಕಾಗದ ಬಳಸುತ್ತೀರಿ ಎಂಬ ಎರಡು ಲೆಕ್ಕ ಹಾಕಿಕೊಳ್ಳಿ.

ಎಪ್ಸನ್ನಿನದು ಪೀಜೋ ಹೆಡ್. ವಿದ್ಯುತ್ತಿಗೆ ಬಾಗುವ ಹರಳು ಇಂಕನ್ನು ಒತ್ತಿ ಹೊರಹಾಕುತ್ತದೆ. ಹೆಡ್ಡು ಬಹಳ ವರ್ಷ ಬರುತ್ತದೆ, ಕೆಟ್ಟರೆ ಮಾತ್ರ ಸರ್ವಿಸ್ ಸೆಂಟರೇ ಗತಿ. ಕ್ಯಾನನ್ನಿನದು ಥರ್ಮಲ್. ಪುಟ್ಟ ಹೀಟರು ಇಂಕನ್ನು ಕುದಿಸಿ, ಆವಿಯ ಗುಳ್ಳೆಯ ಬಲದಿಂದ ಹನಿಯನ್ನು ಚಿಮ್ಮಿಸುತ್ತದೆ. ಕೆಲವು ರಂಧ್ರ ಕಟ್ಟಿದರೆ ಪಕ್ಕದವು ಆ ಕೆಲಸ ಮಾಡುತ್ತವೆ. ಹೆಡ್ಡು ಸವೆಯುವ ವಸ್ತು, ಆದರೆ ಹೊಸದನ್ನು ತಂದು ನೀವೇ ಹಾಕಿಕೊಳ್ಳಬಹುದು. ವಾರಗಟ್ಟಲೆ ಕಾಡಿಗೆ ಹೋಗಿಬಿಡುವವರಾದರೆ ಇದು ದೊಡ್ಡ ಅನುಕೂಲ. ಆದರೆ ಅದು ತನ್ನಷ್ಟಕ್ಕೆ ತಾನೇ ಹೆಡ್ಡು ತೊಳೆದುಕೊಳ್ಳಲು ಇಂಕು ಕುಡಿಯುತ್ತದೆ.

ಕಾಗದದ ಲೆಕ್ಕ ಹೀಗೆ. ಕ್ಯಾನನ್ನಿನ ಹನ್ನೆರಡು ಇಂಕುಗಳಲ್ಲಿ ಒಂದು ಬಣ್ಣವಿಲ್ಲದ ಕ್ರೋಮಾ ಆಪ್ಟಿಮೈಸರ್. ಗ್ಲಾಸಿ, ಲಸ್ಟರ್ (ಮಂದ ಹೊಳಪಿನ) ಕಾಗದದಲ್ಲಿ ಇಂಕು ಬಿದ್ದಲ್ಲಿ ಒಂದು ಹೊಳಪು, ಬೀಳದಲ್ಲಿ ಇನ್ನೊಂದು ಹೊಳಪು ಕಾಣದ ಹಾಗೆ ಅದು ಸರಿದೂಗಿಸುತ್ತದೆ. ಎಪ್ಸನ್ನಿನ ಹತ್ತು ಇಂಕುಗಳಲ್ಲಿ ನೇರಳೆಯೂ ಒಂದು, ಗಾಢ ನೀಲಿ ಮತ್ತು ನೇರಳೆ ಛಾಯೆಗಳು ಚೆನ್ನಾಗಿ ಬರುತ್ತವೆ. ಉದ್ದುದ್ದ ಪನೋರಮಾ ತೆಗೆಯುವವರಾದರೆ ಎಪ್ಸನ್ನಿಗೆ ರೋಲ್ ಘಟಕ ಬೇರೆಯಾಗಿ ಸಿಗುತ್ತದೆ, ಪ್ರೊ-1000ಕ್ಕೆ ರೋಲ್ ಇಲ್ಲ. ಕಾರ್ಟ್ರಿಜ್ ಎಪ್ಸನ್ನಿನದು 50 ಮಿ.ಲೀ., ಕ್ಯಾನನ್ನಿನದು 80 ಮಿ.ಲೀ. ಚಿತ್ರ ಎಷ್ಟು ಗಾಢ ಎಂಬುದರ ಮೇಲೆ ಎ2 ಹಾಳೆಗೆ ಸುಮಾರು 3ರಿಂದ 4 ಮಿ.ಲೀ. ಇಂಕು ಹಿಡಿದುಕೊಳ್ಳಿ. ಹೊಸ ಮಷೀನಿನ ಮೊದಲ ಸೆಟ್ಟಿನಲ್ಲಿ ಒಳ್ಳೆಯ ಪಾಲು ಒಳಗಿನ ದಾರಿ ತುಂಬುವುದಕ್ಕೇ ಹೋಗುತ್ತದೆ. ಹೀಗಾಗಿ ಮಷೀನಿನ ಜೊತೆಗೇ ಇನ್ನೊಂದು ಪೂರ್ತಿ ಸೆಟ್ ಇಂಕಿಗೂ ಹಣ ತೆಗೆದಿಡಿ.

ನಿಮ್ಮ ಪ್ರಮಾಣಕ್ಕೆ, ಹತ್ತಿಯ ಮ್ಯಾಟ್ (ಹೊಳಪಿಲ್ಲದ) ಕಾಗದವೇ ಹೆಚ್ಚೆಂದಾದರೆ ಪಿ900 ಎನ್ನುತ್ತೇವೆ. ಲಸ್ಟರ್ ಹೆಚ್ಚು, ನಡುನಡುವೆ ಮಷೀನು ಸುಮ್ಮನೆ ಕೂರುತ್ತದೆ ಎಂದಾದರೆ ಕ್ಯಾನನ್. ಯಾವುದನ್ನೇ ತಂದರೂ ವಾರಕ್ಕೊಮ್ಮೆ ನಾಝಲ್ ಚೆಕ್ (ಎಲ್ಲ ರಂಧ್ರಗಳಿಂದ ಇಂಕು ಬರುತ್ತಿದೆಯೇ ಎಂದು ತೋರಿಸುವ ಗೆರೆಗಳ ಪರೀಕ್ಷಾ ಪ್ರಿಂಟು) ಮಾಡಿ, ಎಲ್ಲ ಬಣ್ಣಗಳಿರುವ ಒಂದು ಪ್ರಿಂಟು ತೆಗೆಯಿರಿ. ಗೆರೆ ತುಂಡಾಗಿದ್ದರೆ ಮೊದಲು ಸಾಧಾರಣ ಕ್ಲೀನಿಂಗ್ ಒಂದು ಸಲ ಮಾಡಿ, ಮತ್ತೆ ಚೆಕ್ ಮಾಡಿ. ಇನ್ನೂ ಬಿಟ್ಟಿದ್ದರೆ ಎರಡನೆಯ ಸಲ. ಆಮೇಲೂ ಸರಿಯಾಗದಿದ್ದರೆ ರಾತ್ರಿಯಿಡೀ ಹಾಗೇ ಬಿಡಿ. ಒಂದರ ಹಿಂದೊಂದು ಪವರ್ ಕ್ಲೀನಿಂಗ್ ಕೊಡುವವರು ಇಂಕನ್ನೆಲ್ಲ ಮೇಂಟೆನೆನ್ಸ್ ಡಬ್ಬಿಗೆ (ವ್ಯರ್ಥ ಇಂಕು ಸೇರುವ ಡಬ್ಬಿ) ಸುರಿಯುತ್ತಾರೆ, ಅಷ್ಟೆ. ಕೋಣೆಯ ತೇವಾಂಶ 40ರಿಂದ 60 ಶೇಕಡದ ನಡುವೆ ಇರಲಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೆಡ್ಡು ಒಣಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಕಾಗದ ತೇವ ಹೀರಿ ಡೊಂಕಾಗಿ, ಹೆಡ್ಡಿಗೆ ತಾಗಿ ಅಂಚಿನಲ್ಲಿ ಮಸಿ ಬಳಿದುಕೊಳ್ಳುತ್ತದೆ.

ಪ್ರಶ್ನೆ: 308 ಜಿಎಸ್‌ಎಂ ಹತ್ತಿ ಕಾಗದದಲ್ಲಿ ಕಪ್ಪು ಬಣ್ಣ ಬೂದಿಯ ಹಾಗೆ ಬರುತ್ತದೆ. ಅಲ್ಲಲ್ಲಿ ಬಿಳಿ ಚುಕ್ಕೆಗಳೂ ಇವೆ. (ಓದುಗರು, ಹಾಸನ)

ಉತ್ತರ: ಡ್ರೈವರಿನಲ್ಲಿ ಕಾಗದದ ಬಗೆ ಲಸ್ಟರ್ ಎಂದೇ ಉಳಿದಿರಬೇಕು. ಆಗ ಮಷೀನು ಫೋಟೋ ಬ್ಲ್ಯಾಕ್ ಬಳಸುತ್ತದೆ. ಮ್ಯಾಟ್ ಕಾಗದಕ್ಕೆ ಬೇಕಾದದ್ದು ಮ್ಯಾಟ್ ಬ್ಲ್ಯಾಕ್. ಕಾಗದ ಕಂಪನಿ ತನ್ನ ಐಸಿಸಿ ಪ್ರೊಫೈಲಿನ (ಆ ಕಾಗದದಲ್ಲಿ ಬಣ್ಣ ಸರಿಯಾಗಿ ಬರಲು ಬೇಕಾದ ಕಡತ) ಜೊತೆ ಯಾವ ಮೀಡಿಯಾ ಆರಿಸಬೇಕೆಂದು ಬರೆದಿರುತ್ತದೆ, ಅದನ್ನೇ ಆರಿಸಿ. ಇದನ್ನು ತಿರುಗಾಮುರುಗಾ ಮಾಡಿ ಗ್ಲಾಸಿ ಕಾಗದಕ್ಕೆ ಮ್ಯಾಟ್ ಬ್ಲ್ಯಾಕ್ ಹಾಕಿದರೆ ಇಂಕು ಅಂಟುವುದಿಲ್ಲ, ಬೆರಳಿಗೇ ಬರುತ್ತದೆ. ಹಾಳೆ ಮಗುಚಿ ಹಾಕಿದ್ದರೂ ಕಪ್ಪು ಮಂಕಾಗುತ್ತದೆ. ಒದ್ದೆ ಬೆರಳಿನಿಂದ ಮೂಲೆಯನ್ನು ಮುಟ್ಟಿ, ಲೇಪನವಿರುವ ಬದಿ ತುಸು ಅಂಟುತ್ತದೆ. ಇಷ್ಟಾದರೂ ಮ್ಯಾಟ್ ಕಾಗದದ ಕಪ್ಪು ಬರೈಟಾ (ಹೊಳಪಿನ ಫೋಟೋ ಕಾಗದದ ಒಂದು ಬಗೆ) ಕಾಗದದಷ್ಟು ಆಳವಾಗಿರುವುದಿಲ್ಲ, ಅದು ಕಾಗದದ ಗುಣ.

ಬಿಳಿ ಚುಕ್ಕೆ ಹತ್ತಿಯ ಧೂಳಿನದು. ಧೂಳಿನ ಮೇಲೆ ಇಂಕು ಬಿದ್ದು, ಆಮೇಲೆ ಧೂಳು ಉದುರಿದರೆ ಕೆಳಗಿನ ಬಿಳಿ ಕಾಣುತ್ತದೆ. ಹಾಳೆ ಹಾಕುವ ಮೊದಲು ಓರೆಯಾಗಿ ಹಿಡಿದು ಮೆತ್ತನೆಯ ಅಗಲ ಬ್ರಷ್ಷಿನಿಂದ ಗುಡಿಸಿ. ಬಾಯಿಯಿಂದ ಊದಬೇಡಿ, ಎಂಜಲಿನ ಹನಿಯ ಕಲೆ ಹೋಗುವುದಿಲ್ಲ.

ಪ್ರಶ್ನೆ: ತೆರೆಯ ಮೇಲೆ ಚೆಂದವಿರುವ ಚಿತ್ರ ಪ್ರಿಂಟಿನಲ್ಲಿ ಕಪ್ಪಾಗಿ, ಗುಲಾಬಿಯಾಗಿ ಬರುತ್ತದೆ. (ವಿದ್ಯಾರ್ಥಿನಿ, ಬೆಂಗಳೂರು)

ಉತ್ತರ: ಇವು ಎರಡು ಬೇರೆ ಬೇರೆ ತಪ್ಪು. ಕಪ್ಪಾಗುವುದು ಮಾನಿಟರ್ ಅತಿ ಬೆಳಕಾಗಿರುವುದರಿಂದ. ಅಳೆಯುವ ಉಪಕರಣವಿಟ್ಟು ತೆರೆಯ ಬೆಳಕನ್ನು ಚದರ ಮೀಟರಿಗೆ 80ರಿಂದ 100 ಕ್ಯಾಂಡೆಲಾಕ್ಕೆ ಇಳಿಸಿ. ಗುಲಾಬಿಯಾಗುವುದು ಬಹುಮಟ್ಟಿಗೆ ಬಣ್ಣದ ತಿದ್ದುಪಡಿ ಎರಡು ಸಲ ಆಗುವುದರಿಂದ. ಫೋಟೋಶಾಪ್ ಪ್ರೊಫೈಲ್ ಹಾಕಿದ್ದನ್ನು ಡ್ರೈವರೂ ಮತ್ತೆ ತಿದ್ದುತ್ತದೆ. ಫೋಟೋಶಾಪಿಗೆ ಬಣ್ಣದ ಹೊಣೆ ಕೊಟ್ಟರೆ ಡ್ರೈವರಿನ ಕಲರ್ ಮ್ಯಾನೇಜ್‌ಮೆಂಟ್ ಪೂರ್ತಿ ಆಫ್ ಮಾಡಿ.

ಪ್ರಶ್ನೆ: ಮೈಸೂರು ಶೈಲಿಯ ಚಿತ್ರಗಳ ಪ್ರತಿ ತೆಗೆಸಿದರೆ ಚಿನ್ನದ ರೇಕು ಕಂದು ಬಣ್ಣಕ್ಕೆ ತಿರುಗುತ್ತದೆ. ಯಾವ ಇಂಕಿನಲ್ಲಿ ಚಿನ್ನ ಬರುತ್ತದೆ? (ಚಿತ್ರ ಕಲಾವಿದರು, ಮೈಸೂರು)

ಉತ್ತರ: ಈ ಮಷೀನುಗಳ ಯಾವ ಇಂಕಿನಲ್ಲೂ ಲೋಹದ ಹೊಳಪಿಲ್ಲ, ಹಳದಿ ಮತ್ತು ಕಂದು ಸೇರಿ ಚಿನ್ನದ ಭಾಸವಾಗಬೇಕು ಅಷ್ಟೆ. ಆದರೆ ನಿಮ್ಮ ತೊಂದರೆ ಹುಟ್ಟುವುದು ಮುದ್ರಣದಲ್ಲಲ್ಲ, ಫೋಟೋ ತೆಗೆಯುವಲ್ಲಿ. ಪ್ರತಿಫಲನ ಬಾರದಿರಲೆಂದು ದೀಪಕ್ಕೂ ಲೆನ್ಸಿಗೂ ಪೋಲರೈಸರ್ ಹಾಕಿ ತೆಗೆಯುತ್ತಾರೆ. ಬಣ್ಣ, ಗೆರೆ ಇದರಿಂದ ಸ್ಫುಟವಾಗುತ್ತವೆ. ಚಿನ್ನಕ್ಕೆ ಪ್ರತಿಫಲನವೇ ಜೀವ, ಅದನ್ನು ಕಿತ್ತರೆ ಉಳಿಯುವುದು ಮಣ್ಣಿನ ಬಣ್ಣ. ಕ್ಯಾಮೆರಾ ಕದಲಿಸದೆ ಎರಡು ಫೋಟೋ ತೆಗೆಸಿ: ಒಂದು ಪೋಲರೈಸರಿನಲ್ಲಿ, ಇನ್ನೊಂದು ಅದಿಲ್ಲದೆ, ಒಂದೇ ಬದಿಯಿಂದ ಓರೆ ಬೆಳಕು ಬಿಟ್ಟು. ಗೆಸ್ಸೊ (ರೇಕಿನ ಕೆಳಗೆ ಉಬ್ಬಾಗಿ ಹಚ್ಚುವ ಲೇಪ) ಉಬ್ಬಿನ ನೆರಳೂ ರೇಕಿನ ಹೊಳಪೂ ಎರಡನೆಯದರಲ್ಲಿ ಸಿಗುತ್ತವೆ. ಫೋಟೋಶಾಪಿನಲ್ಲಿ ಮಾಸ್ಕ್ ಹಾಕಿ ಚಿನ್ನದ ಭಾಗವನ್ನಷ್ಟೇ ಎರಡನೆಯದರಿಂದ ತೆಗೆದುಕೊಳ್ಳಿ. ನಯವಾದ ಹತ್ತಿ ಕಾಗದದಲ್ಲಿ ಮುದ್ರಿಸಿ, ಒಂದು ದಿನ ಒಣಗಲು ಬಿಡಿ. ನಿಜವಾದ ಹೊಳಪೇ ಬೇಕಾದರೆ ಆಮೇಲೆ ಒಡವೆ, ಕಿರೀಟದ ಮೇಲೆ ಕೈಯಿಂದ ರೇಕು ಅಂಟಿಸಿ, ಹಾಗೆ ಮಾಡಿರುವುದನ್ನು ಪ್ರತಿಯ ಹಿಂಬದಿಯಲ್ಲಿ ಬರೆದು ಕೊಡಿ.